ಹಿಂದೂರಾವ್‌ನ ಮೂರು ಚೂರು ಕೀಲಿಕೈ

ಕೊಲ್ಹಾಪುರದ ನಮ್ಮ ಗಲ್ಲಿಯಲ್ಲಿ ಕಳ್ಳತನ ಆದದ್ದು ಯಾರಿಗೂ ನೆನಪಿಲ್ಲ. ಇಲ್ಲಿ ಕದಿಯುವಂಥದ್ದು ಏನೂ ಇಲ್ಲವೆಂದು ಕಳ್ಳರಿಗೂ ತಿಳಿದುಹೋಗಿದೆ. ಇಂಥ ಗಲ್ಲಿಯಲ್ಲಿ ಕೂತು, ಸಮುದ್ರದಾಚೆಯ ಕಳ್ಳರೆಲ್ಲ ತನ್ನ ಮೇಲೆಯೇ ಕಣ್ಣಿಟ್ಟಿದ್ದಾರೆಂದು ನಂಬಿದ ಮೊದಲ ಮನುಷ್ಯ ಹಿಂದೂರಾವ್ ಸಾಳೋಖೆ.

ಹಿಂದೂರಾವ್‌ನದು ಫೋಟೋ ಸ್ಟುಡಿಯೋ. ಅದರ ಪಕ್ಕದ್ದೇ ನನ್ನ ಫ್ರೇಮಿನ ಅಂಗಡಿ. ಅವನು ಫೋಟೋ ತೆಗೆಯುತ್ತಾನೆ, ನಾನು ಕಟ್ಟು ಹಾಕುತ್ತೇನೆ. ಬದುಕಿರುವಷ್ಟು ದಿನ ಜನ ಅವನ ಗಿರಾಕಿ, ಆಮೇಲೆ ನನ್ನ ಗಿರಾಕಿ. ಹೀಗಾಗಿ ನಮ್ಮಿಬ್ಬರಲ್ಲಿ ಪೈಪೋಟಿ ಇಲ್ಲ.

ಮನುಷ್ಯ ಒಳ್ಳೆಯವನು. ಅವನಿಗಿರುವ ರೋಗ ಒಂದೇ. ಕೋಟು ಹಾಕಿಕೊಂಡವರು ಯಾರಾದರೂ ಮೈಕಿನಲ್ಲಿ ಏನಾದರೂ ಹೇಳಿದರೆ ಅದನ್ನು ಮನೆಗೆ ತಂದು ಮಾಡಿಯೇ ಬಿಡುತ್ತಾನೆ. ಕಳೆದ ವರ್ಷ ಫೋಟೋಗ್ರಾಫರರ ಸಂಘದವರು ಪುಣೆಯಿಂದ ಒಬ್ಬ ತಜ್ಞರನ್ನು ಕರೆಸಿ ಕಂಪ್ಯೂಟರಿನ ಭದ್ರತೆಯ ಬಗ್ಗೆ ಭಾಷಣ ಮಾಡಿಸಿದರು. ಹೋದವರೆಲ್ಲ ಊಟ ಮಾಡಿ ಬಂದರು. ಹಿಂದೂರಾವ್ ಮಾತ್ರ ಕೇಳಿಸಿಕೊಂಡು ಬಂದ.

ಮರುದಿನ ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ನಿಂತು ಕೇಳಿದ. "ಬಾಬೂರಾವ್, ನಿನ್ನ ಅಂಗಡಿಗೆ ಏನ್ ಭದ್ರತಾ ಐತಿ?"

"ಶಟರ್ ಐತಿ. ಅರ್ಧಕ್ಕ ಸಿಕ್ಕೊಂಡು ನಿಲ್ಲತೈತಿ."

"ಅದಕ್ಕ ನೀ ಇಲ್ಲೇ ಉಳದಿ," ಎಂದು ನನ್ನ ಮೇಲೆ ಮರುಕಪಟ್ಟು ಒಳಗೆ ಹೋದ.

ಅವನು ತಂದದ್ದು 'ಅಭೇದ್ಯ' ಎಂಬ ಬ್ಯಾಕಪ್ಪು. ಅವನ ಕಂಪ್ಯೂಟರಿನಲ್ಲಿರುವ ಫೋಟೋ, ವಿಡಿಯೋಗಳನ್ನೆಲ್ಲ ಅದು ಇಲ್ಲಿಯೇ ಕಲಸಿ, ತಲೆಬುಡ ತಿಳಿಯದ ಗೂಢಲಿಪಿ ಮಾಡಿ, ಆಮೇಲೆ ದೂರದ ಯಾವುದೋ ಗೋದಾಮಿಗೆ ಕಳಿಸುತ್ತದೆ. ಪಾಸ್‌ವರ್ಡ್ ಇದ್ದವರಿಗೆ ಮಾತ್ರ ಅದು ಮತ್ತೆ ಫೋಟೋ ಆಗುತ್ತದೆ. ಹಿಂದೂರಾವ್ ಇದನ್ನು ಹೆಂಡತಿ ಮಂದಾಕಿನಿಗೆ ವಿವರಿಸುತ್ತಿದ್ದಾಗ ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ.

"ಕಂಪನಿಯವರಿಗೂ ಕಾಣಂಗಿಲ್ಲ, ಸರಕಾರಕ್ಕೂ ಕಾಣಂಗಿಲ್ಲ," ಎಂದ.

"ನಿಮಗರ ಕಾಣತೈತೋ ಇಲ್ಲೋ?" ಎಂದಳು ಮಂದಾಕಿನಿ.

ಹೆಂಗಸರಿಗೆ ತಂತ್ರಜ್ಞಾನ ತಿಳಿಯುವುದಿಲ್ಲ ಎಂಬರ್ಥದಲ್ಲಿ ಅವನು ನನ್ನ ಕಡೆ ನೋಡಿ ನಕ್ಕ. ನಾನೂ ನಕ್ಕೆ. ಚಹಾ ಅವನದಾಗಿತ್ತು.

ಪಾಸ್‌ವರ್ಡ್ ಗಟ್ಟಿಯಾಗಿರಬೇಕೆಂದು ತಜ್ಞರು ಹೇಳಿದ್ದರಂತೆ. ಹಿಂದೂರಾವ್ ಕುಲದೇವರ ಹೆಸರನ್ನು ತಿರುಗಾಮುರುಗಾ ಬರೆದು, ನಡುನಡುವೆ ತನ್ನ ಮೊದಲ ಕ್ಯಾಮೆರಾದ ನಂಬರು ಸಿಗಿಸಿ, ಕೊನೆಗೆ ಕಂಪ್ಯೂಟರಿನ ಕೀಲಿಮಣೆಯಲ್ಲಿ ತಾನು ಈವರೆಗೆ ಮುಟ್ಟಿಯೇ ಇಲ್ಲದ ಚಿಹ್ನೆಗಳನ್ನೆಲ್ಲ ಒತ್ತಿದ. ಎಲ್ಲೂ ಬರೆದಿಡಬಾರದು ಎಂದೂ ತಜ್ಞರು ಹೇಳಿದ್ದರಿಂದ ಬರೆದಿಡಲಿಲ್ಲ.

ಆಮೇಲೆ ಅಭೇದ್ಯದಿಂದ ಸುಧಾರಣೆಯ ಸುದ್ದಿಗಳು ಬರತೊಡಗಿದವು. ಅವನು ಅವನ್ನು ಚಹಾದ ಗಾಡಿಯ ಹತ್ತಿರ ನಿಂತು ಯುದ್ಧದ ವಾರ್ತೆಯಂತೆ ಓದಿ ಹೇಳುತ್ತಿದ್ದ. ಹೊಸ ಆವೃತ್ತಿಯಲ್ಲಿ ಗೂಢಲಿಪಿ ಇನ್ನೂ ಗೂಢವಾಗಿದೆ. ಹೊಸ ಆವೃತ್ತಿಯಲ್ಲಿ ನಿಮ್ಮ ಫೋಟೋಗಳನ್ನು ಯಾರೂ ಅಳಿಸಲಾರರು.

"ಯಾರರ ಅಳಸ್ತೀನಿ ಅಂತ ಬಂದಿದ್ರೇನ್ರೀ?" ಎಂದು ಗಾಡಿಯವನು ಕೇಳಿದ. ಅದಕ್ಕೆ ಉತ್ತರ ಸುಧಾರಣೆಯ ಪಟ್ಟಿಯಲ್ಲಿರಲಿಲ್ಲ.

ಹೀಗಿರುವಾಗ ಅವನ ಮಗಳು ಮೈಥಿಲಿಯ ಮದುವೆ ಗೊತ್ತಾಯಿತು. ಸಾತಾರಾ ಕಡೆಯ ಭೋಯಿಟೆಯವರ ಮನೆ. ಹುಡುಗ ಅಜಿಂಕ್ಯ, ಸಾಧು ಸ್ವಭಾವದವನು. ಅವನ ತಾಯಿ ಇಂದುಮತಿಬಾಯಿ ನಿವೃತ್ತ ಮುಖ್ಯಾಧ್ಯಾಪಿಕೆ. ಅವರು ಬಯ್ಯುವವರಲ್ಲ. ಸುಮ್ಮನೆ ಕನ್ನಡಕದ ಮೇಲಿನಿಂದ ನೋಡುತ್ತಾರೆ, ನಮ್ಮಂಥವರಿಗೆ ಕೂಡಲೇ ಉಗುರು ಕತ್ತರಿಸಿಕೊಂಡಿಲ್ಲವೆಂಬುದು ನೆನಪಾಗುತ್ತದೆ.

ಮದುವೆಯ ಗಡಿಬಿಡಿಯಲ್ಲೇ ಅಭೇದ್ಯ ಇನ್ನೊಂದು ಸುಧಾರಣೆ ತಂದಿತು. ಪಾಸ್‌ವರ್ಡ್ ಮರೆತರೆ ಹೇಗೆ? ಅದಕ್ಕೊಂದು ತುರ್ತು ಕೀಲಿಕೈ. ಆ ಕೀಲಿಕೈಯನ್ನು ಯಂತ್ರವೇ ಮೂರು ಚೂರು ಮಾಡಿಕೊಡುತ್ತದೆ. ಒಂದೊಂದು ಚೂರೆಂದರೆ ನಾಲ್ಕು ಮಾತು. ಒಂದನ್ನು ನೀವಿಟ್ಟುಕೊಳ್ಳಿ, ಉಳಿದೆರಡನ್ನು ನಂಬಿಕೆಯವರ ಹತ್ತಿರ ಇಡಿ. ಯಾವ ಎರಡು ಚೂರು ಒಟ್ಟಿಗೆ ಸೇರಿದರೂ ಬಾಗಿಲು ತೆರೆಯುತ್ತದೆ.

ಬೇರೆ ಊರಿನಲ್ಲಾಗಿದ್ದರೆ ಜನ ಇದನ್ನು ಮೊಬೈಲಿನಲ್ಲಿ ಇಬ್ಬರಿಗೆ ಕಳಿಸಿ ಮರೆತುಬಿಡುತ್ತಿದ್ದರು. ನಮ್ಮಲ್ಲಿ ಮದುವೆ ಮನೆಯಿಂದ ಯಾರಿಗೆ ಏನು ಹೋದರೂ ಅದು ಮರ್ಯಾದೆ. ಪೇಟಾ ಯಾರ ತಲೆಗೆ ಮೊದಲು, ತೆಂಗಿನಕಾಯಿ ಯಾರ ಕೈಗೆ ಮೊದಲು ಎಂಬುದರ ಮೇಲೆ ತಲೆಮಾರುಗಳ ಮಾತುಕತೆ ನಿಂತುಹೋದ ಊರು ಇದು. ಹಿಂದೂರಾವ್ ಆ ಚೂರುಗಳನ್ನು ತನ್ನ ಸ್ಟುಡಿಯೋದಲ್ಲೇ ಚಿನ್ನದ ಅಂಚಿನ ಕಾರ್ಡಿನ ಮೇಲೆ ಛಾಪಿಸಿ, ಅಕ್ಷತೆ ಕುಂಕುಮ ಹಚ್ಚಿ, ಲಗ್ನಪತ್ರಿಕೆಯ ಜೊತೆಗೆ ಇಬ್ಬರಿಗೆ ಕೊಟ್ಟುಬಂದ. ಒಂದು ತನ್ನ ಅಣ್ಣ ದತ್ತಾಜಿದಾದಾನಿಗೆ. ಇನ್ನೊಂದು ಹೆಂಡತಿಯ ತಮ್ಮ, ಅಂದರೆ ಹುಡುಗಿಯ ಸೋದರಮಾವ ಸರ್ಜೇರಾವ್‌ಗೆ.

ಮೂರನೆಯದು ತನ್ನದು. ಅದನ್ನು ಎಲ್ಲಿಡುವುದೆಂದು ಬಹಳ ಯೋಚಿಸಿ, ಲೋಕದಲ್ಲೇ ಅತ್ಯಂತ ಭದ್ರವಾದ ಜಾಗ ಯಾವುದೋ ಅಲ್ಲಿಟ್ಟ. ಅಭೇದ್ಯದ ಒಳಗೆ.

ಎದುರು ಮನೆಯ ತುಂಗಾಕಾಕುವಿಗೆ ಈ ಸುದ್ದಿ ಸಂಜೆಯೊಳಗೆ ಮುಟ್ಟಿತು. ತುಂಗಾಕಾಕು ಹಿಂದೂರಾವ್‌ನ ಚಿಕ್ಕಮ್ಮ. ತಾಯಿಯಿಲ್ಲದ ಹುಡುಗನನ್ನು ಕಿವಿ ಹಿಂಡಿ ಸ್ನಾನ ಮಾಡಿಸಿ ದೊಡ್ಡವನನ್ನು ಮಾಡಿದವಳು. ಅವಳ ಕಿವಿಗೆ ಬೆಳಿಗ್ಗೆ ಬಿದ್ದ ಮಾತು ಮಧ್ಯಾಹ್ನದ ಹೊತ್ತಿಗೆ ರಂಕಾಳ ಕೆರೆ ದಾಟಿರುತ್ತದೆ. ಅಂಥವಳ ಕೈಗೆ ಗುಟ್ಟಿನ ಕೀಲಿಕೈ ಕೊಡಬಾರದೆಂಬುದು ಭದ್ರತೆಯ ದೃಷ್ಟಿಯಿಂದ ಸರಿಯೇ. ಆದರೆ ಭದ್ರತೆಯ ದೃಷ್ಟಿ ಅವಳಿಗಿರಲಿಲ್ಲ.

"ಸರ್ಜ್ಯಾಗ ಕೊಟ್ಟಿ. ನಿನ್ನ ಅಂಡು ತೊಳದಾಕಿಗೆ ಕೊಡಲಿಲ್ಲ," ಎಂದು ರಸ್ತೆಯಲ್ಲೇ ನಿಂತು ಹೇಳಿದಳು. "ನಂಬಿಗಿ ಇಲ್ಲ ಅಂದ್ರ ಇಲ್ಲ ಅನ್ನು. ನಾ ಮದುವಿಗೆ ಬರಂಗಿಲ್ಲ ಅಷ್ಟ."

ಹಿಂದೂರಾವ್ ಆ ರಾತ್ರಿಯೇ ಇನ್ನೊಂದು ಕಾರ್ಡು ಛಾಪಿಸಿದ. ಅದೇ ಚಿನ್ನದ ಅಂಚು, ಅದೇ ಕುಂಕುಮ. ಮಾತುಗಳು ಮಾತ್ರ ಯಂತ್ರದವಲ್ಲ, ಅವನ ಸ್ವಂತದವು. ಕಾಕುವಿಗೆಂದು ಒಳ್ಳೊಳ್ಳೆಯವನ್ನೇ ಹುಡುಕಿ ಹಾಕಿದ್ದ. ಕಮಲ, ತುಳಸಿ, ಗಂಗೆ, ದೀಪ. ಕಾಕು ಅದನ್ನು ದೇವರ ಪೆಟ್ಟಿಗೆಯಲ್ಲಿಟ್ಟು ದಿನಾ ಹೂವೇರಿಸತೊಡಗಿದಳು. ಅದನ್ನು ನೋಡಿ ಉಳಿದವರೂ ಮುಖ ಊದಿಸಿದರು. ಗಲ್ಲಿಯ ಅರ್ಧ ಜನಕ್ಕೆ ಕಾರ್ಡು ಬಂತು. ನನಗೂ ಬಂತು. ಚಿನ್ನ, ಚಂದನ, ಚಂದ್ರ, ಮುತ್ತು. ಹಿಂದೂರಾವ್‌ಗೆ ನನ್ನ ಮೇಲೆ ಇಷ್ಟು ವಿಶ್ವಾಸವೇ ಎಂದು ನನ್ನ ಕಣ್ಣೂ ತುಸು ಒದ್ದೆಯಾಯಿತು. ಎಲ್ಲ ಖೊಟ್ಟಿ ಎಂಬುದು ಆಗ ಅವನೊಬ್ಬನಿಗೇ ಗೊತ್ತು.

ಮದುವೆಯ ದಿನ ಗ್ರಹಚಾರ ಕೆಟ್ಟಿತು. ಊಟಕ್ಕೆ ಮುಂಚೆ ಗಂಡಸರು ಗುಂಪಾಗಿ ಕೂತು ಕಾರ್ಡುಗಳನ್ನು ಹೊರತೆಗೆದರು. ಗುಟ್ಟಾಗಿಡಿ ಎಂದು ಕೊಟ್ಟದ್ದನ್ನು ಇನ್ನೊಬ್ಬರಿಗೆ ತೋರಿಸದಿದ್ದರೆ ಅದು ತನ್ನ ಹತ್ತಿರ ಇದೆಯೆಂದು ಗೊತ್ತಾಗುವುದಾದರೂ ಹೇಗೆ? ದತ್ತಾಜಿದಾದಾ ನನ್ನದನ್ನು ನೋಡಿದ. ಚಹಾ ಗಾಡಿಯವನದನ್ನು ನೋಡಿದ, ಅದರಲ್ಲಿ ಗರುಡ, ಕಳಶ. ಸರ್ಜೇರಾವ್‌ನದನ್ನು ಕೇಳಿ ಇಸಿದುಕೊಂಡು ನೋಡಿದ. ಸಿಂಹ, ಪರ್ವತ, ಬೆಳ್ಳಿ, ಶಂಖ. ಯಂತ್ರ ಕಣ್ಣುಮುಚ್ಚಿ ಎತ್ತಿದ್ದರಲ್ಲಿ ಅವನಿಗೆ ಬಂದದ್ದು ಹಾಗೆ. ದಾದಾ ತನ್ನ ಕಾರ್ಡನ್ನು ಮತ್ತೆ ಓದಿಕೊಂಡ. ಕತ್ತೆ, ಸೋರೆಕಾಯಿ, ಕೆಸರು, ಪೊರಕೆ.

ಅವನ ಮುಖ ನಿಧಾನಕ್ಕೆ ಪೇಟಾದ ಬಣ್ಣಕ್ಕೆ ತಿರುಗಿತು.

"ಹಿಂದ್ಯಾ, ಇಲ್ಲಿ ಬಾರೋ. ಮನಿಗೆ ಹಿರಿಯಾ ನಾನು. ನಂಗ ಕತ್ತಿ, ಅವಗ ಸಿಂಹ?"

"ದಾದಾ, ಅದು ನಾ ಬರದಿದ್ದಲ್ಲ. ಯಂತ್ರ ಬರದೈತಿ."

"ಬಾಬೂರಾವ್‌ಗ ಚಂದನ ಬರದ ಯಂತ್ರಕ್ಕ ನನ್ನ ಹೆಸರು ಬಂದಕೂಡ್ಲೆ ಪೊರಕಿ ನೆನಪಾತೇನು?"

ಹಿಂದೂರಾವ್ ಏನು ಹೇಳಬೇಕು? ಚಂದನ ಖೊಟ್ಟಿ, ಪೊರಕೆಯೇ ಅಸಲು ಎಂದರೆ ಅರ್ಧ ಮಂಟಪ ಎದ್ದು ಹೋಗುತ್ತದೆ. ಅಷ್ಟರಲ್ಲಿ ಸರ್ಜೇರಾವ್ ಮೀಸೆ ತಿರುವಿ, "ದಾದಾ, ಯಂತ್ರ ಸುಳ್ಳು ಹೇಳಂಗಿಲ್ಲ," ಎಂದ. ಆಮೇಲೆ ಮಂಟಪದಲ್ಲಿ ಕೇಳಿಸಿದ್ದು ಕತ್ತೆ, ಸಿಂಹ, ಕತ್ತೆ, ಸಿಂಹ. ಮೃಗಾಲಯದವರ ಮದುವೆಯಂತಿತ್ತು. ಅಂದಿನಿಂದ ಆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅದೇ ಹೊತ್ತಿಗೆ ಹೆಂಗಸರ ಕಡೆ ಒಂದು ಒಳ್ಳೆಯ ಕೆಲಸ ನಡೆಯಿತು. ಗಂಡನ ಹೆಸರನ್ನು ಪದ್ಯದಲ್ಲಿ ಸೇರಿಸಿ ಒಡಪು ಹೇಳುವ ಪದ್ಧತಿ ಇದೆಯಲ್ಲ. ಅಜಿಂಕ್ಯನ ಅಜ್ಜಿ, ಇಂದುಮತಿಬಾಯಿಯವರ ಅತ್ತೆ, ಆಯುಷ್ಯದಲ್ಲೇ ಎಂದೂ ಒಡಪು ಹೇಳಿದವಳಲ್ಲ, ಗಂಡನ ಹೆಸರನ್ನು ಬಾಯಲ್ಲಿ ತಂದವಳಲ್ಲ. ಮೊಮ್ಮಗನ ಮದುವೆಯಲ್ಲಿ ಯಾರೋ ಪುಸಲಾಯಿಸಿ ಹೇಳಿಸಿದರು. ಇಂದುಮತಿಬಾಯಿ ಆಗ ಒಳಕೋಣೆಯಲ್ಲಿ ಸೀರೆಗಳ ಲೆಕ್ಕ ನೋಡುತ್ತಿದ್ದರು. ಓಡಿಬಂದರು, ಅಷ್ಟರಲ್ಲಿ ಮುಗಿದಿತ್ತು. "ಇನ್ನೊಮ್ಮೆ ಹೇಳಿ ಅತ್ತೆ," ಎಂದರೆ ಅಜ್ಜಿ ನಾಚಿ ಸೆರಗು ಬಾಯಿಗಿಟ್ಟುಕೊಂಡಳು. ಹೋಗಲಿ, ವಿಡಿಯೋದಲ್ಲಿ ಇದೆಯಲ್ಲ ಎಂದರು ಎಲ್ಲರೂ.

ಶ್ರಾವಣದಲ್ಲಿ ಅಜ್ಜಿ ತೀರಿಕೊಂಡಳು.

ವಿಡಿಯೋ ಇತ್ತು. ಹಿಂದೂರಾವ್ ಕನ್ಯಾದಾನದ ನಡುವೆಯೂ ಕ್ಯಾಮೆರಾದವರಿಗೆ ಕಣ್ಸನ್ನೆ ಮಾಡುತ್ತ ತೆಗೆಸಿದ್ದ. ಅದೆಲ್ಲ ಅಭೇದ್ಯದಲ್ಲಿ ಸೇರಿದ ಮೇಲೆ ಆ ಬ್ಯಾಕಪ್ಪು, ಕಂಪ್ಯೂಟರಿನಲ್ಲಿ ಜಾಗ ಕಡಿಮೆಯಿದೆ, ಇಲ್ಲಿರುವ ಪ್ರತಿಗಳನ್ನು ತೆಗೆದುಹಾಕಲೇ ಎಂದು ವಿನಯದಿಂದ ಕೇಳಿತ್ತು. ಅವನು ಅಷ್ಟೇ ವಿನಯದಿಂದ ಹೂಂ ಎಂದಿದ್ದ. ಬೀಗರಿಗೆ ಕೊಡೋಣವೆಂದು ಈಗ ತೆರೆಯಲು ಹೋದರೆ ಅಲ್ಲಿ ಹೊಸ ಆವೃತ್ತಿ ಕೂತಿತ್ತು. ನಿಮ್ಮ ಭದ್ರತೆಗಾಗಿ ಪಾಸ್‌ವರ್ಡನ್ನು ಇನ್ನೊಮ್ಮೆ ನಮೂದಿಸಿ ಎಂದಿತು. ಕುಲದೇವರು ನೆನಪಿಗೆ ಬಂದ, ಕ್ಯಾಮೆರಾ ನೆನಪಿಗೆ ಬಂತು. ಆ ಚಿಹ್ನೆಗಳು ಬರಲಿಲ್ಲ.

ಕಂಪನಿಗೆ ಫೋನು ಮಾಡಿದ. ಸ್ಪೀಕರಿನಲ್ಲಿಟ್ಟಿದ್ದರಿಂದ ನಾನೂ ಕೇಳಿಸಿಕೊಂಡೆ.

"ನನ್ನ ಮಗಳ ಮದುವಿ ನಂಗ ಕಾಣವಲ್ದು," ಎಂದ.

"ಯಾರಿಗೂ ಕಾಣ್ತಿಲ್ಲ ಸರ್. ಅದಕ್ಕೇ ಅಲ್ವಾ ನೀವು ನಮ್ಮನ್ನ ಆರಿಸಿದ್ದು," ಎಂದಿತು ಆ ಕಡೆಯ ಜೇನಿನಂಥ ದನಿ.

"ನೀವರ ತಗೀರಿ."

"ನಮಗೂ ಆಗಲ್ಲ ಸರ್. ಈ ಆವೃತ್ತಿಯಲ್ಲಿ ಅದನ್ನ ಇನ್ನೂ ಚೆನ್ನಾಗಿ ಮಾಡಿದ್ದೀವಿ."

"ಏನನ್ನ?"

"ಆಗದೇ ಇರೋದನ್ನ." ಹೆಮ್ಮೆಯಿಂದಲೇ ಹೇಳಿದಳು. ಆಮೇಲೆ ದಾರಿಯನ್ನೂ ಹೇಳಿದಳು. ತುರ್ತು ಕೀಲಿಕೈಯ ಎರಡು ಚೂರು ಒಂದರ ಬೆನ್ನಿಗೆ ಒಂದು, ಇದೇ ಕಂಪ್ಯೂಟರಿನಲ್ಲಿ ಬೀಳಬೇಕು. ಮೂರು ಸಲ ತಪ್ಪಾದರೆ ಅಭೇದ್ಯ ಒಂದು ತಿಂಗಳು ಬಾಗಿಲು ಮುಚ್ಚಿಕೊಳ್ಳುತ್ತದೆ. "ಅದೂ ಹೊಸ ಸುಧಾರಣೆ ಸರ್. ನಮ್ಮ ಸೇವೆಗೆ ಎಷ್ಟು ಅಂಕ ಕೊಡ್ತೀರಿ?"

ಅವನ ಸ್ವಂತ ಚೂರು ಅಭೇದ್ಯದ ಹೊಟ್ಟೆಯಲ್ಲಿತ್ತು. ಉಳಿದದ್ದು ಕತ್ತೆ ಮತ್ತು ಸಿಂಹ.

ಅಷ್ಟರಲ್ಲಿ ಮೈಥಿಲಿಯ ಫೋನು ಬಂತು. ಹುಡುಗಿ ಅತ್ತು ಕರೆದು ಮಾಡುವವಳಲ್ಲ.

"ಅಪ್ಪಾ, ಅತ್ತಿ ಬೈದಿದ್ರ ನಾ ಸುಮ್ನ ಇರ್ತಿದ್ದೆ. ಅವ್ರು ಬಯ್ಯಂಗಿಲ್ಲ. 'ನಿಮ್ಮಪ್ಪನ ಸ್ಟುಡಿಯೋ ದೊಡ್ಡದು, ಗಿರಾಕಿ ಭಾಳ ಇರಬೇಕು ಪಾಪ' ಅಂತಾರ. ಸಂಜಿ ದೀಪ ಹಚ್ಚಿ ಅಜ್ಜಿ ಕುರ್ಚಿ ಕಡೆ ನೋಡ್ಕೋತ ಕೂಡ್ತಾರ. ನಾ ಆ ಕೋಣ್ಯಾಗ ಹೋಗೂದ ಬಿಟ್ಟೀನಿ. ಪಾಡವಾಕ್ಕ ಅವ್ರೂ ನಮ್ಮ ಜೋಡಿ ಬರ್ತಾರಂತ. ವಿಡಿಯೋ ನೋಡಾಕ."

ದೀಪಾವಳಿಯ ಪಾಡವಾ ಅಂದರೆ ಅಳಿಯನ ಮೊದಲ ಹಬ್ಬ. ಹಿಂದೂರಾವ್ ಎರಡು ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ಆಮೇಲೆ ನನ್ನನ್ನು ಜೊತೆಗೆ ಕರೆದುಕೊಂಡು ಅಣ್ಣನ ಮನೆಗೆ ಹೋದ.

ದತ್ತಾಜಿದಾದಾ ಜೋಕಾಲಿಯಲ್ಲಿ ಕೂತಿದ್ದ. "ಕೊಡ್ತೀನಿ," ಎಂದ. "ಸರ್ಜ್ಯಾ ಮೊದಲ ತಂದು ಹೇಳಬೇಕು. ಅವನ ಆದಮ್ಯಾಲ ನಂದು."

"ಯಾಕ ದಾದಾ?"

"ಸವಾರಿಯೊಳಗ ರಾಜಾ ಹಿಂದ ಇರ್ತಾನ."

ಸರ್ಜೇರಾವ್ ತನ್ನ ಎಣ್ಣೆ ಅಂಗಡಿಯಲ್ಲಿ ಕೂತು ಇದನ್ನು ಫೋನಿನಲ್ಲಿ ಕೇಳಿ ನಕ್ಕ. "ಕತ್ತಿ ಮುಂದ, ಗಾಡಿ ಹಿಂದ. ಅವ್ರು ಮೊದಲ ಹೇಳ್ಲಿ. ಅದೂ ನನ್ನ ಮುಂದ, ದೊಡ್ಡ ದನಿಲೆ."

"ಸರ್ಜೇರಾವ್, ಫೋನಿನ್ಯಾಗ ಹೇಳಿಬಿಡು, ನಾ ಬರ್ಕೋತೀನಿ."

"ಗುಟ್ಟು ಯಾರಿಗೂ ಫೋನಿನ್ಯಾಗ ಹೇಳಬ್ಯಾಡ ಅಂತ ನೀನ ಹೇಳಿದ್ದಿ. ನಿನ್ನ ಮಾತು ಮೀರ್ಲಿ ಏನು ನಾನು?"

ಅಳಿಯನ ಮೊದಲ ಹಬ್ಬಕ್ಕೆ ಬಾರದಿದ್ದರೆ ಜನ ಆಡಿಕೊಳ್ಳುತ್ತಾರೆಂಬ ಒಂದೇ ಕಾರಣಕ್ಕೆ ಪಾಡವಾದ ದಿನ ಇಬ್ಬರೂ ಬಂದರು. ಒಬ್ಬ ಪೂರ್ವಕ್ಕೆ, ಒಬ್ಬ ಪಶ್ಚಿಮಕ್ಕೆ ಮುಖ ಮಾಡಿ ಕೂತರು. ನಡುವೆ ಫರಾಳದ ತಟ್ಟೆಗಳು. ಚಕ್ಕುಲಿ, ಶಂಕರಪೋಳಿ, ಕರಂಜಿ, ಬೇಸನ್ ಉಂಡಿ. ಇಂದುಮತಿಬಾಯಿ ಕುರ್ಚಿಯಲ್ಲಿ ನೆಟ್ಟಗೆ ಕೂತು ಏನನ್ನೂ ಮುಟ್ಟಲಿಲ್ಲ. ಮೈಥಿಲಿ ಅವರ ಹಿಂದೆ ನಿಂತಿದ್ದಳು. ತೆಳ್ಳಗಾಗಿದ್ದಳು.

ಹಿಂದೂರಾವ್ ಕಂಪ್ಯೂಟರನ್ನು ದೊಡ್ಡ ಪರದೆಗೆ ಜೋಡಿಸಿದ. ಇಬ್ಬರನ್ನು ಮೆಲ್ಲಗೆ ಪಕ್ಕಕ್ಕೆ ಕರೆದು ಕೆಲಸ ಮುಗಿಸುವ ಅವನ ಯೋಜನೆಗೆ ಬಾಗಿಲಲ್ಲೇ ಕಲ್ಲು ಬಿತ್ತು. ರೇಷ್ಮೆ ಸೀರೆ ಉಟ್ಟು, ಕಾರ್ಡನ್ನು ಬೆಳ್ಳಿ ತಟ್ಟೆಯಲ್ಲಿಟ್ಟುಕೊಂಡು ತುಂಗಾಕಾಕು ಒಳಗೆ ಬಂದಳು.

"ಕೀಲಿ ತಗ್ಯೂದು ಇವತ್ತಂತ? ನನ್ನದು ಮೊದಲ. ಮನ್ಯಾಗ ದೊಡ್ಡಾಕಿ ನಾನು."

"ಕಾಕು, ನಿಂದು ಕಡೀಕ..."

"ಕಡೀಕ ಯಾಕ? ಇಷ್ಟು ತಿಂಗಳು ಹೂವೇರಿಸಿ ಇಟ್ಟೀನಿ. ಬರಕೋ. ಕಮಲ."

ಇಂದುಮತಿಬಾಯಿ ಕನ್ನಡಕದ ಮೇಲಿನಿಂದ ನೋಡಿದರು. "ಹಿರಿಯರು ಹೇಳ್ತಿದ್ದಾರೆ, ಬರ್ಕೊಳ್ಳಿ."

ಹಿಂದೂರಾವ್ ಕಮಲ, ತುಳಸಿ, ಗಂಗೆ, ದೀಪ ಎಂದು ಒತ್ತಿದ. ಪರದೆ ಕೆಂಪಾಯಿತು.

"ಏನಂತೈತಿ?" ಎಂದಳು ಕಾಕು.

"ಭಾಳ ಚಲೋ ಐತಿ, ಇನ್ನೊಬ್ಬರದು ತರ್ರಿ ಅಂತೈತ್ರಿ."

"ತಪ್ಪು ಚೂರು, ಇನ್ನು ಎರಡು ಅವಕಾಶ ಉಳಿದಿವೆ ಅಂತ ಬರೆದಿದೆ," ಎಂದರು ಇಂದುಮತಿಬಾಯಿ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕಣ್ಣು.

"ಕಣ್ಣು ಕಾಣದ ಒತ್ತಿದೀ. ಇನ್ನೊಮ್ಮೆ ಒತ್ತು," ಎಂದಳು ಕಾಕು.

ಅವನು ಕೀಲಿಮಣೆಯಿಂದ ಕೈ ತೆಗೆದ.

"ಒತ್ತೋ ಅಂದ್ರ."

"ಅದು ಖೊಟ್ಟಿ ಐತಿ ಕಾಕು," ಎಂದ ಹಿಂದೂರಾವ್ ನೆಲ ನೋಡಿಕೊಂಡು. "ಅಸಲು ಎರಡ ಎರಡು. ನೀ ಸಿಟ್ಟಾದಿ ಅಂತ ನಾನ ಮಾಡಿ ಕೊಟ್ಟಿದ್ದೆ."

ನಾನು ನನ್ನ ಚಿನ್ನ ಚಂದನವನ್ನು ಜೇಬಿಗೆ ಇಳಿಸಿದೆ. ಹಬ್ಬಕ್ಕೆ ಬಂದು ಮೂಲೆಯಲ್ಲಿ ಕೂತಿದ್ದ ಗಲ್ಲಿಯವರಲ್ಲೂ ನಾಲ್ಕೈದು ಕೈಗಳು ಜೇಬಿಗೆ ಇಳಿದದ್ದು ಕಾಣಿಸಿತು. ತುಂಗಾಕಾಕು ಬಯ್ಯಲಿಲ್ಲ. ಅವಳು ಬಯ್ಯದಿದ್ದದ್ದನ್ನು ಈ ಗಲ್ಲಿ ನೋಡಿದ್ದು ಅದೇ ಮೊದಲು. ಬೆಳ್ಳಿ ತಟ್ಟೆಯನ್ನು ಎದೆಗವಚಿಕೊಂಡು ಬಾಗಿಲ ಬಳಿ ಹೋಗಿ ಚಪ್ಪಲಿ ಹುಡುಕತೊಡಗಿದಳು. ಅಷ್ಟು ಚಪ್ಪಲಿಯಲ್ಲಿ ಅವಳದು ಸಿಗಲಿಲ್ಲ. ಹಾಗಾಗಿ ಹೊಸ್ತಿಲಲ್ಲೇ ಬೆನ್ನು ತಿರುಗಿಸಿ ನಿಂತಳು.

ಈಗ ದತ್ತಾಜಿದಾದಾನ ತಲೆಯಲ್ಲಿ ಏನೋ ಬೆಳಗಿತು. "ಹಂಗಾರ ಚಂದನ ಗಿಂದನ ಎಲ್ಲಾ ಸುಳ್ಳು? ನನ್ನ ಕತ್ತಿ ಖರೇದು?"

"ಖರೇದು ದಾದಾ. ಈ ಗಲ್ಲಿಯೊಳಗ ನಿನ್ನ ಕತ್ತಿಯಷ್ಟು ಖರೇದು ಇನ್ನೊಂದಿಲ್ಲ."

ದಾದಾ ಮೆತ್ತಗಾದ. ಆದರೂ ಸರ್ಜೇರಾವ್‌ನ ಎದುರು ಕತ್ತೆ ಎನ್ನಲು ಒಪ್ಪಲಿಲ್ಲ. "ಸರ್ಜ್ಯಾನ ಹೊರಗ ಕಳಸು, ಹೇಳ್ತೀನಿ," ಎಂದ.

"ಸಿಂಹ ಎದ್ದು ಹೋಗಂಗಿಲ್ಲ," ಎಂದ ಸರ್ಜೇರಾವ್ ಗೋಡೆಗೆ.

ಆಗ ಮೈಥಿಲಿ ಬಂದು ದಾದಾನ ಮುಂದೆ ಕೂತಳು. "ದೊಡ್ಡಪ್ಪಾ, ನನ್ನ ಸಲುವಾಗಿ ಒಮ್ಮಿ ಕತ್ತಿ ಅನ್ರಿ."

ದಾದಾ ಅವಳ ಮುಖ ನೋಡಿದ. ಕಾರ್ಡು ನೋಡಲಿಲ್ಲ, ಆ ನಾಲ್ಕು ಮಾತುಗಳನ್ನು ಅವನು ಸಾಯುವ ತನಕ ಮರೆಯುವಂತಿರಲಿಲ್ಲ. "ಕತ್ತಿ. ಸೋರಿಕಾಯಿ. ಕೆಸರು. ಪೊರಕಿ," ಎಂದ, ದೇವರ ಮುಂದೆ ತಪ್ಪೊಪ್ಪಿಕೊಂಡವನಂತೆ.

ಹಿಂದೂರಾವ್ ಗಡಿಬಿಡಿಯಲ್ಲಿ ಪೊರಕೆಯನ್ನು ತಪ್ಪು ಒತ್ತಿದ. ಪರದೆ ಮತ್ತೆ ಕೆಂಪಾಯಿತು.

"ಇನ್ನು ಒಂದು," ಎಂದರು ಇಂದುಮತಿಬಾಯಿ. ಅವರ ಕೈ ಕುರ್ಚಿಯ ತೋಳನ್ನು ಹಿಡಿದಿತ್ತು.

ಅಜಿಂಕ್ಯ ಮಾವನನ್ನು ಮೆಲ್ಲಗೆ ಸರಿಸಿ ತಾನು ಕೂತ. ದಾದಾ ಇನ್ನೊಮ್ಮೆ ಕತ್ತೆಯಿಂದ ಶುರು ಮಾಡಬೇಕಾಯಿತು. ಈ ಸಲ ಯಾರೂ ನಗಲಿಲ್ಲ. ಸರ್ಜೇರಾವ್ ತನ್ನ ಸಿಂಹ, ಪರ್ವತವನ್ನು ಎಷ್ಟು ಸಣ್ಣ ದನಿಯಲ್ಲಿ ಹೇಳಿದನೆಂದರೆ ಎರಡು ಸಲ ಕೇಳಬೇಕಾಯಿತು. ಪರದೆ ಹಸಿರಾಯಿತು. ಹಿಂದೂರಾವ್ ಗೋಡೆಗೊರಗಿ ಕೂತುಬಿಟ್ಟ.

ವಿಡಿಯೋ ಶುರುವಾಯಿತು. ಅಜಿಂಕ್ಯ ಮುಂದೆ ಮುಂದೆ ಓಡಿಸಿ ಅಜ್ಜಿ ಬಂದಲ್ಲಿ ನಿಲ್ಲಿಸಿದ. ಹಸಿರು ಸೀರೆ, ಬೊಚ್ಚುಬಾಯಿ, ಮೈಯೆಲ್ಲ ನಾಚಿಕೆ. ಅಜ್ಜಿ ತಲೆಯೆತ್ತಿದಳು, ತುಟಿ ಅಲುಗಿದವು.

"ನಂಗ ಕತ್ತಿ, ಅವಗ ಸಿಂಹ?" ಎಂದು ಕೇಳಿಸಿತು.

ತುಟಿ ಇನ್ನೂ ಅಲುಗುತ್ತಿದ್ದವು. "ಸೋರಿಕಾಯಿ ಅಂತ. ಕೆಸರಂತ. ಪೊರಕಿ ಅಂತ!" ಎಂಬ ದತ್ತಾಜಿದಾದಾನ ಗರ್ಜನೆ. ಅದರ ಮೇಲೆ ಸರ್ಜೇರಾವ್‌ನದು: "ಸಿಂಹ, ಪರ್ವತ, ಬೆಳ್ಳಿ, ಶಂಖ, ಕಿವಿ ತಗದು ಕೇಳ್ರಿ!" ಲೋಕದ ಯಾವ ಕಳ್ಳನ ಕೈಗೂ ಸಿಗಬಾರದೆಂದು ಇಟ್ಟಿದ್ದ ಕೀಲಿಕೈಯನ್ನು ಇಬ್ಬರೂ ಸೇರಿ ಇಡೀ ಮಂಟಪಕ್ಕೆ ಓದಿ ಹೇಳಿದ್ದರು, ಅದು ಅಭೇದ್ಯದಲ್ಲಿ ಭದ್ರವಾಗಿತ್ತು. ಅಜ್ಜಿಯ ದನಿ ಮಾತ್ರ ಅದರಲ್ಲಿ ಇರಲಿಲ್ಲ. ಅವಳು ಹೇಳಿ ಮುಗಿಸಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಇನ್ನೊಮ್ಮೆ ಹಾಕು," ಎಂದರು ಇಂದುಮತಿಬಾಯಿ.

ಇನ್ನೊಮ್ಮೆ ಹಾಕಿದ. ಮತ್ತೊಮ್ಮೆ ಹಾಕಿದ. ಪ್ರತಿ ಸಲವೂ ದಾದಾ ಮತ್ತು ಸರ್ಜೇರಾವ್ ತಮ್ಮ ತಮ್ಮ ಗರ್ಜನೆಯ ಕೆಳಗೆ ಇನ್ನಷ್ಟು ಕುಗ್ಗಿದರು. ಕೊನೆಗೆ ದಾದಾ ಪೂರ್ವದಿಂದ ತಿರುಗಿ, "ಸರ್ಜೇರಾವ್, ನಮ್ಮ ಬಾಯಿ ಭಾಳ ದೊಡ್ಡದು," ಎಂದ. "ಹೌದ್ರಿ ದಾದಾ," ಎಂದು ಸರ್ಜೇರಾವ್ ಚಕ್ಕುಲಿಯ ತಟ್ಟೆಯನ್ನು ಆ ಕಡೆ ಸರಿಸಿದ. ಅದರಿಂದ ಅಜ್ಜಿಯ ಮಾತೇನೂ ಕೇಳಿಸಲಿಲ್ಲ.

ಇಂದುಮತಿಬಾಯಿ ಪರದೆಯನ್ನೇ ನೋಡುತ್ತಿದ್ದರು. ಅಜ್ಜಿಯ ಪಕ್ಕದಲ್ಲಿ ಒಬ್ಬಳು ಅವಳ ತೊಡೆ ತಟ್ಟಿ ನಗುತ್ತಿದ್ದಳು, ಕಿವಿಯನ್ನು ಅಜ್ಜಿಯ ಬಾಯಿಗೇ ಹಚ್ಚಿಕೊಂಡು. ತುಂಗಾಕಾಕು.

ಎಲ್ಲರೂ ಬಾಗಿಲ ಕಡೆ ತಿರುಗಿದರು.

"ಕಾಕು," ಎಂದ ಹಿಂದೂರಾವ್. "ಅವತ್ತು ನೀ ಕೇಳಿದೇನು?"

"ಕೇಳಿದ್ದಲ್ಲ. ನಾನ ಹೇಳಿಸಿದ್ದು. ಗಂಡನ ಹೆಸರು ಹೇಳಿದ್ರ ಈಗ ಬಯ್ಯಾಕ ಯಾರ ಅದಾರ, ಇಬ್ಬರೂ ಗಂಡನ್ನ ಕಳಕೊಂಡಾಕಿಗೋಳು ಅಂದೆ." ಈ ಕಡೆ ತಿರುಗಲಿಲ್ಲ. "ಮರುದಿನ ಗಲ್ಲಿಗೆಲ್ಲಾ ಹೇಳಿದೆ. ಯಾರ್ ಕೇಳಿದ್ರಿ? ಎಲ್ಲಾರ ಬಾಯಾಗೂ ಕತ್ತಿ."

"ಈಗ ಹೇಳು ಕಾಕು."

"ನಾ ಖೊಟ್ಟಿ ಮನಿಶ್ಯಾಳು. ನನ್ನ ಮಾತು ಹಾಕಿದ್ರ ಪರದೆ ಕೆಂಪ ಆಕೈತಿ."

ಅವಳ ಹೊಟ್ಟೆಯಲ್ಲಿ ಒಂದು ಮಾತು ನಿಂತದ್ದು ಅವಳ ಆಯುಷ್ಯದಲ್ಲಿ ಅದೇ ಮೊದಲಿರಬೇಕು. ಹಿಂದೂರಾವ್ ಕಾಲು ಹಿಡಿದ. ದಾದಾ ಬೇಡಿಕೊಂಡ. ಕಾಕು ಜಗ್ಗಲಿಲ್ಲ. ಕಾಕು ಅಭೇದ್ಯವಾಗಿದ್ದಳು.

ಇಂದುಮತಿಬಾಯಿ ಕುರ್ಚಿಯಿಂದ ಎದ್ದರು. ಹೊಸ್ತಿಲವರೆಗೆ ಹೋಗಿ, ಅಷ್ಟು ಜನರ ಚಪ್ಪಲಿಗಳ ನಡುವೆ, ಇಸ್ತ್ರಿ ಮಾಡಿದ ಸೀರೆಯಲ್ಲೇ ನೆಲಕ್ಕೆ ಕೂತುಬಿಟ್ಟರು.

"ಯಂತ್ರಕ್ಕೆ ಬೇಡ. ನನಗೆ ಹೇಳಿ," ಎಂದರು. "ನನ್ನ ಅತ್ತೆ ಮನೇಲಿ ದಿನಾ ಇದ್ರು. ನಾನು ಒಂದಿನವೂ ಏನೂ ಕೇಳಲಿಲ್ಲ."

ತುಂಗಾಕಾಕು ತಿರುಗಿ ನೋಡಿದಳು. ಬೆಳ್ಳಿ ತಟ್ಟೆಯನ್ನು ಪಕ್ಕಕ್ಕಿಟ್ಟು, ಅವರ ಎದುರಿಗೆ ಕೂತು, ಸೆರಗನ್ನು ಬಾಯಿಯ ಹತ್ತಿರ ತಂದು, ತಲೆಯನ್ನು ಅಜ್ಜಿಯಂತೆಯೇ ಓರೆ ಮಾಡಿ, ಬೊಚ್ಚುಬಾಯಿಯ ಆ ದನಿಯಲ್ಲೇ ಹೇಳಿದಳು.

"ಆಲೆಮನ್ಯಾಗ ಕೊಪ್ಪರಿಗಿ ತುಂಬ ಕುದಿಯಾಕತ್ತೈತಿ ಬೆಲ್ಲಾ,
ಬಳವಂತರಾವ್ ಇದ್ದಾಗ ಇಷ್ಟು ಸಿಹಿ ಮಾತು ಆಡ್ಲೇ ಇಲ್ಲಾ."

ಇಂದುಮತಿಬಾಯಿ ಮೊದಲು ನಕ್ಕರು. ಅವರು ನಗುತ್ತಾರೆಂಬುದು ಅವರ ಮಗನಿಗೂ ಗೊತ್ತಿರಲಿಲ್ಲವೆಂದು ಅವನ ಮುಖ ಹೇಳುತ್ತಿತ್ತು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಮೈಥಿಲಿ ಓಡಿಬಂದು ಪಕ್ಕದಲ್ಲಿ ಕೂತಾಗ ಅವಳ ಕೈಯನ್ನು ಎಳೆದು ತೊಡೆಯ ಮೇಲಿಟ್ಟುಕೊಂಡರು.

ಹಿಂದೂರಾವ್ ಮೊಬೈಲ್ ಎತ್ತಿ, "ಕಾಕು, ಇನ್ನೊಮ್ಮಿ ಅನ್ನು. ಇದನ್ನ ಅಭೇದ್ಯದಾಗ..." ಎಂದು ಶುರು ಮಾಡಿದ.

"ಕೆಳಗಿಡಿ ಅದನ್ನ," ಎಂದರು ಇಂದುಮತಿಬಾಯಿ. "ಇನ್ನೇನೇನು ಮಾತಾಡಿದ್ರಿ ನೀವಿಬ್ರೂ?"

"ಭಾಳ ಐತಿ," ಎಂದಳು ತುಂಗಾಕಾಕು. "ನಿಮ್ಮ ಬಗ್ಗೇನೂ ಐತಿ. ಒಂದು ರಾತ್ರಿಗೆ ಮುಗ್ಯಾಂಗಿಲ್ಲ. ನಮ್ಮ ಮನಿಗೆ ಬರ್ರಿ, ಇಲ್ಲಿ ಗದ್ದಲ."

ಬೀಗಿತ್ತಿಗೆಂದು ಮಂದಾಕಿನಿ ಹೊಸ ಗಾದಿ ಹೊಲಿಸಿ, ಹೊಸ ಹೊದಿಕೆ ಹಾಕಿ, ಮಾಳಿಗೆಯ ಕೋಣೆಯನ್ನು ವಾರದಿಂದ ಸಜ್ಜು ಮಾಡಿದ್ದಳು. ಕತ್ತಲಾಗುವ ಹೊತ್ತಿಗೆ ಆ ಗಾದಿ ಗಲ್ಲಿ ದಾಟಿತು. ಒಂದು ತುದಿ ಹಿಂದೂರಾವ್‌ನ ತಲೆಯ ಮೇಲೆ, ಇನ್ನೊಂದು ತುದಿ ಮೈಥಿಲಿಯ ಕೈಯಲ್ಲಿ. ಅವಳು ನಗು ತಡೆಯಲಾರದೆ ನಡುರಸ್ತೆಯಲ್ಲಿ ಎರಡು ಸಲ ಅದನ್ನು ಬೀಳಿಸಿದಳು. ಎದುರು ಮನೆಯ ಒಳಗೆ ಆಗಲೇ ಮಾತು ಜೋರಾಗಿತ್ತು. ತುಂಗಾಕಾಕು ಬಾಗಿಲಿಗೆ ಬಂದು ಗಾದಿಯನ್ನು ಒಳಗೆಳೆದುಕೊಂಡಳು, ಮೈಥಿಲಿಯನ್ನೂ ಒಳಗೆಳೆದುಕೊಂಡಳು, ಹಿಂದೂರಾವ್‌ನನ್ನು ಹೊರಗೇ ಬಿಟ್ಟು ಚಿಲಕ ಹಾಕಿದಳು.